ಮನೆಗಸ ವಿಂಗಡಣೆ: ಗುಳೇದಗುಡ್ಡ ಸೀಮೆಯ ರೂಢಿ, ಕರ್ನಾಟಕದ ಇತಿಹಾಸ

ಮನೆಯಲ್ಲಿ ಹುಟ್ಟುವ ಕಸವನ್ನು ಹುಟ್ಟಿದಲ್ಲೇ ಹಸಿ, ಒಣ, ಅಪಾಯಕಾರಿ ಎಂದು ಬೇರೆಬೇರೆ ಮಾಡಿ, ಒಂದೊಂದನ್ನೂ ಅದು ಸೇರಬೇಕಾದ ಕಡೆಗೆ ಕಳಿಸುವುದೇ ಮನೆಗಸ ವಿಂಗಡಣೆ. ಕರ್ನಾಟಕದಲ್ಲಿ ಇದು ಕಾನೂನಿನ ಕಡ್ಡಾಯವಾದದ್ದು ಈ ಶತಮಾನದಲ್ಲಿ. ರೂಢಿಯಾಗಿ ಇದು ಅದಕ್ಕಿಂತ ಬಹಳ ಹಳೆಯದು. ನೇಕಾರಿಕೆ ಮತ್ತು ಒಕ್ಕಲುತನ ಕೂಡಿ ಬೆಳೆದ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ, ಬಾದಾಮಿ, ಹುನಗುಂದ, ಇಳಕಲ್ ಊರುಗಳಲ್ಲಿ ಹಳೆಯ ರೂಢಿಯ ಕುರುಹುಗಳು ಇನ್ನೂ ಉಳಿದಿವೆ. ಈ ಇತಿಹಾಸದ ಉದ್ದಕ್ಕೂ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ಬೇರ್ಪಡಿಸಿದ್ದನ್ನು ಬೇರೆಯಾಗಿಯೇ ಒಯ್ಯುವವರು ಇದ್ದಾಗ ಮನೆಯವರು ವಿಂಗಡಿಸಿದ್ದಾರೆ, ಇಲ್ಲದಾಗ ಎಷ್ಟು ಪ್ರಚಾರ ಮಾಡಿದರೂ ಕೈಬಿಟ್ಟಿದ್ದಾರೆ.

ತಿಪ್ಪೆ, ಬಾನಿ, ಕೌದಿ

ಈಚಿನವರೆಗೂ ಬಾದಾಮಿ ತಾಲ್ಲೂಕಿನಲ್ಲಿದ್ದು ಈಗ ಸ್ವತಃ ತಾಲ್ಲೂಕು ಕೇಂದ್ರವಾಗಿರುವ ಗುಳೇದಗುಡ್ಡ ಖಣದ ಊರು. ಕುಪ್ಪಸಕ್ಕೆಂದೇ ನೇಯುವ ಈ ಬಟ್ಟೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಕುಣಿಮಗ್ಗದ ಮನೆಯಲ್ಲಿ ನೂಲಿನ ತುಂಡಾಗಲಿ, ಬಟ್ಟೆಯ ಚೂರಾಗಲಿ ಕಸವೆನಿಸುತ್ತಿರಲಿಲ್ಲ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ನೆಲಕ್ಕೆ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ದಪ್ಪ ದಾರದಿಂದ ಒತ್ತೊತ್ತಾಗಿ ಟಾಕು ಹಾಕಿದರೆ ಕೌದಿ. ಚೂರು ಚಿಕ್ಕದಾದಷ್ಟೂ ಅದಕ್ಕೆ ಮೂಲೆಯಲ್ಲೋ ಅಂಚಿನಲ್ಲೋ ಜಾಗ ಸಿಗುತ್ತಿತ್ತು. ಹೊದ್ದು ಹಾಸಿ ಹರಿದ ಕೌದಿಯೂ ಬೀದಿಗೆ ಬೀಳುತ್ತಿರಲಿಲ್ಲ, ಇನ್ನೊಂದು ಕೌದಿಯ ಒಳಪದರವಾಗುತ್ತಿತ್ತು. ಬಟ್ಟೆಯ ಮರುಬಳಕೆಗೆ ಇದಕ್ಕಿಂತ ಪಕ್ಕಾ ವ್ಯವಸ್ಥೆಯನ್ನು ಯಾವ ಯೋಜನೆಯೂ ಈವರೆಗೆ ಕೊಟ್ಟಿಲ್ಲ.

ಅಡುಗೆಮನೆಯದು ಬೇರೆ ಲೆಕ್ಕ. ಅಕ್ಕಿ ತೊಳೆದ ನೀರು, ಮುಸುರಿ, ಕಾಯಿಪಲ್ಲೆಯ ಸಿಪ್ಪೆ ಎಮ್ಮೆಯ ಬಾನಿಗೆ. ಒಲೆಯ ಬೂದಿ ಪಾತ್ರೆ ತಿಕ್ಕಲು. ಸಗಣಿಯಲ್ಲಿ ಒಂದು ಪಾಲು ಕುಳ್ಳು, ಉಳಿದದ್ದು ಕಸಕಡ್ಡಿಯೊಂದಿಗೆ ತಿಪ್ಪೆಗೆ. ಮುಂಗಾರಿಗೆ ಮೊದಲು ಬೇಸಿಗೆಯಲ್ಲಿ ತಿಪ್ಪೆಯ ಗೊಬ್ಬರ ಚಕ್ಕಡಿಯೇರಿ ಹೊಲಕ್ಕೆ ಹೋಗುತ್ತಿತ್ತು. ಕಾಗದ ರದ್ದಿ ಅಂಗಡಿಗೆ, ತಗಡು ಕಬ್ಬಿಣ ಗುಜರಿಯವರಿಗೆ, ಉಳಿದ ಹಳೆಬಟ್ಟೆ ಅದಕ್ಕೆ ಬದಲು ಪಾತ್ರೆ ಕೊಡುವವರಿಗೆ. ಒಂದೊಂದು ವಸ್ತುವಿಗೂ ಬಾಗಿಲಿಗೆ ಬರುವ ಒಬ್ಬ ಗಿರಾಕಿ ಇದ್ದ. ಹಾಗಾಗಿಯೇ ಯಾರೂ ಹೇಳಿಕೊಡದೆ ವಿಂಗಡಣೆ ನಡೆಯುತ್ತಿತ್ತು.

ಇದನ್ನು ಸುವರ್ಣಯುಗವೆಂದು ಬಣ್ಣಿಸುವುದು ತಪ್ಪು. ಓಣಿಯ ತಿಪ್ಪೆ ನೊಣ, ರೋಗಗಳ ತವರೂ ಆಗಿತ್ತು. ಗಟಾರ ಬಳಿಯುವ, ಮಲ ಹೊರುವ ಕೆಲಸವನ್ನು ಕೆಲವೇ ಜಾತಿಗಳ ತಲೆಗೆ ಕಟ್ಟಲಾಗಿತ್ತು. ಅಂಗಳದ ಕಸ ಗುಡಿಸುವುದನ್ನೇ ಕಾಯಕವಾಗಿ ಹಿಡಿದ ಸತ್ಯಕ್ಕನನ್ನು ಶರಣ ಪರಂಪರೆ ಗೌರವದಿಂದ ನೆನೆಯುತ್ತದೆ. ಆದರೆ ಬಸವಣ್ಣನ ಐಕ್ಯಸ್ಥಳವಾದ ಕೂಡಲಸಂಗಮ ಇರುವ ಈ ಸೀಮೆಯಲ್ಲೇ ಕಸದ ಕೆಲಸಕ್ಕೆ ಅಂಟಿದ ಜಾತಿಯ ಕಳಂಕ ಹೋಗಲಿಲ್ಲ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸುವ ಆದೇಶ ರಾಜ್ಯದಲ್ಲಿ ಬಂದದ್ದು 1970ರ ದಶಕದಲ್ಲಿ, ದೇವರಾಜ ಅರಸು ಅವರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರಿಂದ. ಪೌರಕಾರ್ಮಿಕರ ಸ್ಥಿತಿಗತಿ ಕುರಿತ ಐ.ಪಿ.ಡಿ. ಸಾಲಪ್ಪ ಸಮಿತಿಯ ವರದಿಯೂ ಅದೇ ದಶಕದ್ದು.

ಆದೇಶವಾಗಿ ವಿಂಗಡಣೆ

ಮನೆಯವರೇ ಕಸ ಬೇರ್ಪಡಿಸಬೇಕೆಂಬ ಆಧುನಿಕ ಕಟ್ಟಳೆಗಳಲ್ಲಿ ಹೆಸರಾದದ್ದು ಪ್ಯಾರಿಸ್ ನಗರದ್ದು. ಅಲ್ಲಿನ ಆಡಳಿತಾಧಿಕಾರಿ ಯೂಜೀನ್ ಪುಬೆಲ್ 1883ರಲ್ಲಿ ಹೊರಡಿಸಿ 1884ರ ಜನವರಿಯಲ್ಲಿ ಜಾರಿಗೆ ತಂದ ಆದೇಶದ ಪ್ರಕಾರ ಕೊಳೆಯುವ ಕಸಕ್ಕೊಂದು, ಕಾಗದ–ಚಿಂದಿಗೊಂದು, ಗಾಜು–ಪಿಂಗಾಣಿ–ಚಿಪ್ಪಿಗೊಂದು ಡಬ್ಬಿ ಇಡಬೇಕಿತ್ತು. ತಮ್ಮ ಹೊಟ್ಟೆಪಾಡಿಗೆ ಕುತ್ತು ಬಂತೆಂದು ಅಲ್ಲಿನ ಚಿಂದಿ ಆಯುವವರು ಪ್ರತಿಭಟಿಸಿದರು. 1890ರ ದಶಕದಲ್ಲಿ ನ್ಯೂಯಾರ್ಕಿನ ಬೀದಿ ಸ್ವಚ್ಛತೆಯ ಹೊಣೆ ಹೊತ್ತಿದ್ದ ಅಧಿಕಾರಿ ಜಾರ್ಜ್ ವೇರಿಂಗ್ ಅಲ್ಲಿನ ಮನೆಗಳಲ್ಲಿ ಆಹಾರದ ಕಸ, ಬೂದಿ, ಒಣಕಸ ಬೇರೆ ಮಾಡಿಸಿದರು. ಅವರು ಅಧಿಕಾರ ಬಿಟ್ಟ ಮೇಲೆ ಆ ಶಿಸ್ತು ಸಡಿಲವಾಯಿತು.

ಭಾರತದಲ್ಲಿ ಚಿಂತನೆ ಬೇರೆ ದಾರಿ ಹಿಡಿಯಿತು. ಇಲ್ಲಿ ಕೇಳಿದ ಪ್ರಶ್ನೆ, ಊರಿನ ಕಸ ಗೊಬ್ಬರವಾಗುವುದು ಹೇಗೆ ಎಂಬುದು. ಆಲ್ಬರ್ಟ್ ಹೊವರ್ಡ್ ಇಂದೋರಿನಲ್ಲಿ ಕಾಂಪೋಸ್ಟ್ ವಿಧಾನವೊಂದನ್ನು ರೂಪಿಸಿದರೆ, 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು ಪುರಸಭೆಗಳಿಗೆಂದೇ ಇನ್ನೊಂದನ್ನು ಬೆಳೆಸಿದರು. ಅದೇ ‘ಬೆಂಗಳೂರು ವಿಧಾನ’. ಉದ್ದನೆಯ ತಗ್ಗು ತೋಡಿ, ಊರ ಕಸದ ಒಂದು ಪದರ, ಅದರ ಮೇಲೆ ಮಲದ ತೆಳು ಪದರ, ಮತ್ತೆ ಕಸ ಎಂದು ತುಂಬುತ್ತಾ ಬಂದು ಕೊನೆಗೆ ಮಣ್ಣು ಮುಚ್ಚಿಬಿಡುವುದು. ಮಗುಚುವ ಕೆಲಸವಿಲ್ಲ, ನೀರೂ ಕಡಿಮೆ. ಆರೆಂಟು ತಿಂಗಳಲ್ಲಿ ಗೊಬ್ಬರ ಸಿದ್ಧ. ಮಳೆ ಕಡಿಮೆಯಿರುವ ಊರುಗಳಿಗೆ ಹೇಳಿ ಮಾಡಿಸಿದ ವಿಧಾನವಿದು. ಮನೆಯವರಿಗೆ ವಿಂಗಡಿಸಿರೆಂದು ಅದು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಆಗಿನ ಊರ ಕಸದಲ್ಲಿ ಕೊಳೆಯದ ವಸ್ತು ಅಷ್ಟು ಕಡಿಮೆ. ನಗರದ ಕಸವನ್ನು ಗೊಬ್ಬರ ಮಾಡಿ ಮಾರಲು 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿದ್ದೂ ಇದೇ ನಂಬಿಕೆಯ ಮೇಲೆ.

ಪ್ಲಾಸ್ಟಿಕ್ ಕೆಡಿಸಿದ ಲೆಕ್ಕ

ಹಾಲಿನ ಪಾಕೀಟು, ಶಾಂಪೂ ಸ್ಯಾಶೆ, ಗುಟ್ಕಾ ಚೀಟಿ, ಕೈಚೀಲ ಇವು ಬಂದ ಮೇಲೆ ಆ ನಂಬಿಕೆ ಕುಸಿಯಿತು. ಮೊದಲು ಊರ ಕಸವನ್ನು ಹೊಲಕ್ಕೆ ಹಾಕಿಸಿಕೊಳ್ಳುತ್ತಿದ್ದ ರೈತರು ಈಗ ಬೇಡವೆಂದರು. ಪ್ಲಾಸ್ಟಿಕ್ ಹಾಳೆಯ ಕೆಳಗೆ ಬೀಜ ಮೊಳೆಯುವುದಿಲ್ಲ, ನೀರು ಇಂಗುವುದಿಲ್ಲ, ತಿಂದ ದನದ ಹೊಟ್ಟೆಯಲ್ಲಿ ಅದು ಗಂಟಾಗುತ್ತದೆ. ಅದೇ ಹೊತ್ತಿಗೆ ಗ್ಯಾಸ್ ಒಲೆ ಬಂದು ಬೂದಿ ಇಲ್ಲವಾಯಿತು, ಊರೊಳಗೆ ಎಮ್ಮೆ ಕಟ್ಟುವವರು ಕಡಿಮೆಯಾದರು, ಹಿತ್ತಲಿಗೆ ಕಾಂಕ್ರೀಟು ಬಿತ್ತು. ಬಾನಿಯೂ ತಿಪ್ಪೆಯೂ ಹೋದ ಮನೆಯಲ್ಲಿ ಎಲ್ಲವೂ ಒಂದೇ ಚೀಲ ಸೇರತೊಡಗಿತು. ಜನರ ಶಿಸ್ತು ಕೆಟ್ಟಿತೆಂದು ಇದನ್ನು ಬೈಯುವವರಿದ್ದಾರೆ. ಒಯ್ಯುವವರು ಇಲ್ಲವಾದದ್ದೇ ನಿಜವಾದ ಕಾರಣ.

1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ದೇಶ ತನ್ನ ಕಸದ ಕಡೆ ತಿರುಗಿ ನೋಡಿತು. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಕೋರ್ಟು ನೇಮಿಸಿದ ಅಸೀಂ ಬರ್ಮನ್ ಸಮಿತಿ 1999ರಲ್ಲಿ ವರದಿ ಕೊಟ್ಟಿತು. ಅದರ ಬೆನ್ನಿಗೇ ನಗರ ಘನತ್ಯಾಜ್ಯ ನಿಯಮಗಳು, 2000 ಬಂದವು. ಮನೆಮನೆಗೆ ಹೋಗಿ ಕಸ ಸಂಗ್ರಹಿಸಬೇಕು, ವಿಂಗಡಣೆಗೆ ಜನರನ್ನು ಪ್ರೋತ್ಸಾಹಿಸಬೇಕು ಎಂದು ದೇಶದ ಎಲ್ಲ ಪುರಸಭೆಗಳಿಗೂ ಹೇಳಿದ ಮೊದಲ ನಿಯಮ ಇದು. ಆದರೆ ಹೊಣೆಯೆಲ್ಲ ಸ್ಥಳೀಯ ಸಂಸ್ಥೆಯದೇ ಆಗಿತ್ತು. ಸಂಸ್ಕರಣಾ ಘಟಕಕ್ಕೆ 2003ರ ಕೊನೆಯ ಗಡುವು ಕೊಟ್ಟಿದ್ದರೂ ಬಹುತೇಕ ಊರುಗಳಲ್ಲಿ ಅದು ಹಾಗೆಯೇ ದಾಟಿಹೋಯಿತು.

ಬೆಂಗಳೂರು, 2012

ವಿಂಗಡಣೆ ರಾಜ್ಯದ ಮನೆಮಾತಾದದ್ದು ಬೆಂಗಳೂರಿನ ಕಸ ಬೀದಿಗೆ ಬಂದಾಗ. ನಗರದ ಕಸ ಹೊತ್ತ ಲಾರಿಗಳು ಮಾವಳ್ಳಿಪುರಕ್ಕೂ ಮಂಡೂರಿಗೂ ಹೋಗುತ್ತಿದ್ದವು. ಆ ಹಳ್ಳಿಗಳ ನೀರು ಕೆಟ್ಟಿತು, ಗಾಳಿ ನಾರಿತು. 2012ರಲ್ಲಿ ಮಾವಳ್ಳಿಪುರದ ಭೂಭರ್ತಿ ಮುಚ್ಚಿತು, ಮಂಡೂರಿನವರು ಲಾರಿಗಳಿಗೆ ಅಡ್ಡ ನಿಂತರು, ನಗರದ ಮೂಲೆಮೂಲೆಯಲ್ಲಿ ಕಸ ರಾಶಿಬಿತ್ತು. ಆ ವರ್ಷದ ಅಕ್ಟೋಬರ್ 1ರಿಂದ ಬಿಬಿಎಂಪಿ ಮನೆಯಲ್ಲೇ ವಿಂಗಡಣೆಯನ್ನು ಕಡ್ಡಾಯ ಮಾಡಿತು. ಬಹಳ ಮನೆಗಳು ಎರಡು ಬಕೆಟ್ ಇಟ್ಟವು. ಬೇರೆ ಮಾಡಿ ಕೊಟ್ಟ ಕಸ ಕಣ್ಣೆದುರೇ ಒಂದೇ ಗಾಡಿಗೆ ಬಿದ್ದದ್ದನ್ನು ಕಂಡು ಅನೇಕರು ಕೈಬಿಟ್ಟರು. ಮಂಡೂರಿಗೆ ಕಸ ಹೋಗುವುದು ನಿಂತದ್ದು 2014ರ ಕೊನೆಗೆ.

ಮುಂದಿನ ಹೆಜ್ಜೆ ಹೈಕೋರ್ಟಿನದು. ಹಸಿ ಕಸಕ್ಕೆ ಹಸಿರು ಡಬ್ಬಿ, ಶೌಚದ ಮತ್ತು ಉಪಯೋಗಕ್ಕೆ ಬಾರದ ಕಸಕ್ಕೆ ಕೆಂಪು ಡಬ್ಬಿ, ಒಣ ಕಸಕ್ಕೆ ಮತ್ತೆ ಮತ್ತೆ ಬಳಸುವ ಚೀಲ ಎಂಬ ‘ಎರಡು ಡಬ್ಬಿ, ಒಂದು ಚೀಲ’ ಪದ್ಧತಿಯನ್ನು ನಗರದಾದ್ಯಂತ ಜಾರಿ ಮಾಡಬೇಕೆಂದು 2015ರ ಡಿಸೆಂಬರ್‌ನಲ್ಲಿ ಆದೇಶವಾಯಿತು. ಈ ಪದ್ಧತಿಯನ್ನು ಬಡಾವಣೆಗಳಲ್ಲಿ ಮಾಡಿ ತೋರಿಸಿದವರು 2009ರಲ್ಲಿ ಕೂಡಿಕೊಂಡ ಘನತ್ಯಾಜ್ಯ ನಿರ್ವಹಣಾ ದುಂಡುಮೇಜಿನ ನಾಗರಿಕರು, ಅವರಲ್ಲಿ ಬಹಳಷ್ಟು ಮಂದಿ ಹೆಂಗಸರು. ಅದಕ್ಕಿಂತ ದೊಡ್ಡ ಬದಲಾವಣೆ ಚಿಂದಿ ಆಯುವವರಿಂದ ಬಂತು. ನಳಿನಿ ಶೇಖರ್ ಮತ್ತು ಸಂಗಡಿಗರು ಕಟ್ಟಿದ ಹಸಿರು ದಳದ ಮೂಲಕ ಅವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿತು, ವಾರ್ಡಿನ ಒಣಕಸ ಕೇಂದ್ರಗಳನ್ನು ನಡೆಸುವ ಅವಕಾಶವೂ ಸಿಕ್ಕಿತು. ಯಾವ ಪ್ಲಾಸ್ಟಿಕ್ ಮಾರಾಟವಾಗುತ್ತದೆ, ಯಾವುದಕ್ಕೆ ಗಿರಾಕಿಯೇ ಇಲ್ಲ ಎಂಬುದು ಅವರಿಗೆ ಬೆರಳಲ್ಲೇ ಗೊತ್ತು. ಆ ತಿಳಿವಳಿಕೆಗೆ ಸರಕಾರಿ ಕಾಗದದಲ್ಲಿ ಜಾಗ ಸಿಕ್ಕಿದ್ದನ್ನು ಈ ಇತಿಹಾಸದ ಅತಿ ಮುಖ್ಯ ಘಟನೆಯೆಂದೇ ಎಣಿಸಬೇಕು.

2016ರ ನಂತರ, ಸಣ್ಣ ಊರುಗಳಲ್ಲಿ

2016ರ ಏಪ್ರಿಲ್ 8ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ವಿಂಗಡಣೆಯನ್ನು ಮನೆಯವರ ಕರ್ತವ್ಯವಾಗಿಸಿದವು. ಹಸಿ, ಒಣ, ಮನೆಯ ಅಪಾಯಕಾರಿ ಕಸ ಎಂದು ಮೂರು ಪಾಲು. ಬೀದಿಗೆ ಎಸೆಯುವಂತಿಲ್ಲ, ಸುಡುವಂತಿಲ್ಲ, ಹೂಳುವಂತಿಲ್ಲ. ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವನ್ನು ಪರವಾನಗಿಯಿಲ್ಲದ ಜಾಗದಲ್ಲಿ ಮಾಡುವವರು ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಿ, ಅಲ್ಲಿನ ಕಸ ವಿಂಗಡಿಸಬೇಕು. ಮದುವೆ, ಸೀಮಂತ, ಪಲ್ಲಕ್ಕಿ ಉತ್ಸವಗಳು ಓಣಿಯ ಪೆಂಡಾಲಿನಲ್ಲೇ ನಡೆಯುವ ನಮ್ಮ ಕಡೆ ಈ ಮಾತು ಯಾರ ಕಿವಿಗೂ ಬಿದ್ದಂತಿಲ್ಲ. ಬನದ ಹುಣ್ಣಿಮೆಗೆ ಶುರುವಾಗಿ ವಾರಗಟ್ಟಲೆ ನಡೆಯುವ ಬಾದಾಮಿಯ ಬನಶಂಕರಿ ಜಾತ್ರೆಯಂಥ ಕಡೆ ಊಟದ ತಟ್ಟೆ, ಲೋಟ, ನೀರಿನ ಬಾಟಲಿಯದೇ ದೊಡ್ಡ ಪ್ರಶ್ನೆ. ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ರಾಜ್ಯ ಸರಕಾರ ನಿಷೇಧಿಸಿದ್ದು 2016ರ ಮಾರ್ಚ್‌ನಲ್ಲಿ. ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳ ಕೇಂದ್ರದ ನಿಷೇಧ 2022ರ ಜುಲೈ 1ರಿಂದ.

ಸ್ವಚ್ಛ ಭಾರತ ಯೋಜನೆಯಡಿ 2017ರ ಜೂನ್ 5ರಿಂದ ದೇಶದ ಪಟ್ಟಣಗಳಲ್ಲಿ ಹಸಿರು–ನೀಲಿ ಡಬ್ಬಿಗಳ ಪ್ರಚಾರ ನಡೆಯಿತು: ಹಸಿರು ಹಸಿಗೆ, ನೀಲಿ ಒಣಕ್ಕೆ. ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೊದಲ ಸ್ಥಾನ ಪಡೆದ ಮೈಸೂರು ಕುಂಬಾರಕೊಪ್ಪಲಿನಂಥ ವಾರ್ಡು ಮಟ್ಟದ ಘಟಕಗಳಿಂದ ಹೆಸರಾಯಿತು. ಹಳ್ಳಿಗಳ ಕಡೆ ನಡೆದದ್ದು ಇನ್ನೂ ಗಮನಾರ್ಹ. ಗ್ರಾಮ ಪಂಚಾಯಿತಿಗಳ ‘ಸ್ವಚ್ಛವಾಹಿನಿ’ ಗಾಡಿಗಳನ್ನು ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಓಡಿಸತೊಡಗಿದರು. ಅಡುಗೆಮನೆಯ ಕಸದ ಬಗ್ಗೆ ಹೆಂಗಸೊಬ್ಬಳು ಇನ್ನೊಬ್ಬಳಿಗೆ ಬಾಗಿಲಲ್ಲಿ ನಿಂತು ಹೇಳಿದರೆ ನಾಟುವಷ್ಟು ಧ್ವನಿವರ್ಧಕದ ಹಾಡು ನಾಟುವುದಿಲ್ಲ.

ಕೇಂದ್ರ ಸರಕಾರ 2026ರ ಜನವರಿಯಲ್ಲಿ ಹೊಸ ನಿಯಮಗಳನ್ನು ಪ್ರಕಟಿಸಿತು. ಏಪ್ರಿಲ್ 1ರಿಂದ ಜಾರಿಯಾಗುವಂತೆ ಮೂರು ಪಾಲು ನಾಲ್ಕಾಯಿತು: ಹಸಿ, ಒಣ, ನೈರ್ಮಲ್ಯದ ಕಸ, ಮತ್ತು ಬಲ್ಬು–ಔಷಧಿ–ಬಣ್ಣದ ಡಬ್ಬಿಯಂಥ ವಿಶೇಷ ಎಚ್ಚರಿಕೆಯ ಕಸ.

ಗುಳೇದಗುಡ್ಡದಂಥ ಊರಿನ ಮನೆಯಲ್ಲಿ ಈ ನಾಲ್ಕರಲ್ಲಿ ಮೊದಲನೆಯದಕ್ಕೆ ಒಂದು ಹಳೇ ಮಡಕೆ, ಒಂದಿಷ್ಟು ಮಣ್ಣು, ಒಣ ಎಲೆ ಸಾಕು. ಬಟ್ಟೆಯ ಚೂರನ್ನು ಒದ್ದೆಯಾಗದಂತೆ ಬೇರೆ ಚೀಲದಲ್ಲಿ ಕಟ್ಟಿಟ್ಟರೆ ಕೌದಿ ಹೊಲಿಯುವವರು ಇನ್ನೂ ಒಯ್ಯುತ್ತಾರೆ. ಪ್ಯಾಡು, ಡೈಪರುಗಳನ್ನು ಕಾಗದದಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ ಕೊಡಬೇಕು, ಅದನ್ನು ಮುಟ್ಟುವುದು ಪೌರಕಾರ್ಮಿಕರ ಕೈ. ಹಾಗೆಯೇ ಓಣಿಗೆ ಬರುವ ಗಾಡಿಯಲ್ಲಿ ಬೇರೆಬೇರೆ ಖಾನೆಗಳಿವೆಯೇ ಎಂದು ನೋಡಿ. ಇಲ್ಲವೆಂದಾದರೆ ನಿಮ್ಮ ವಾರ್ಡಿನ ಸದಸ್ಯರ ಮೂಲಕ ಪುರಸಭೆಯ ಸಾಮಾನ್ಯ ಸಭೆಯಲ್ಲಿ ಆ ಪ್ರಶ್ನೆ ಎತ್ತಿಸಿ. ಬೇರ್ಪಡಿಸಿ ಕೊಟ್ಟ ಕಸವನ್ನು ಬೇರೆಯಾಗಿಯೇ ಒಯ್ಯುವುದು ಸ್ಥಳೀಯ ಸಂಸ್ಥೆಯ ಹೊಣೆಯೆಂದು ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ.