ಕ್ಲಿಪ್ಪು ನಿಲ್ಲದ ಹಲ್ಲು

ಹೈದರಾಬಾದಿನಲ್ಲಿ ಮಕ್ಕಳ ಹಲ್ಲಿಗೆ ಕ್ಲಿಪ್ ಹಾಕಿಸುವುದು ಈಗ ಮಾಮೂಲು ಸಂಗತಿ. ಆದರೆ ನಲ್ಗೊಂಡದ ಕಡೆಯಿಂದಲೋ ನಮ್ಮ ರಾಯಚೂರಿನ ಕಡೆಯಿಂದಲೋ ಬಂದವರ ಬಾಯಿ ನೋಡಿದ ವೈದ್ಯರು ಮೊದಲು ಕೇಳುವುದು ಒಂದೇ: ಚಿಕ್ಕವರಿದ್ದಾಗ ಯಾವ ಊರಿನ ನೀರು ಕುಡಿದಿರಿ?

ಕೇಳುವುದಕ್ಕೆ ಕಾರಣವಿದೆ. ಹಿಂದೆ ಕ್ಲಿಪ್ ಹಾಕಬೇಕೆಂದರೆ ಒಂದೊಂದು ಹಲ್ಲಿಗೂ ಲೋಹದ ಬಳೆ ತೊಡಿಸಬೇಕಿತ್ತು. 1955ರಲ್ಲಿ ಅಮೆರಿಕದ ಮೈಕೆಲ್ ಬುವನೊಕೋರ್, ಎನಾಮಲ್ ಮೇಲೆ ಫಾಸ್ಫಾರಿಕ್ ಆಮ್ಲ ಸವರಿದರೆ ಕಣ್ಣಿಗೆ ಕಾಣದ ಗುಳಿಗಳೆದ್ದು ಅಂಟು ಅದರೊಳಗೆ ಇಳಿದು ಗಟ್ಟಿಯಾಗುತ್ತದೆಂದು ತೋರಿಸಿದರು. ಮುಂದೆ ಬ್ರಾಕೆಟ್ಟನ್ನು ನೇರವಾಗಿ ಹಲ್ಲಿಗೇ ಅಂಟಿಸುವ ಪದ್ಧತಿ ಬಂತು. ಅದು ನಿಂತಿರುವುದು ಎನಾಮಲ್ ಆಮ್ಲಕ್ಕೆ ಕರಗುತ್ತದೆಂಬ ನಂಬಿಕೆಯ ಮೇಲೆ. ಫ್ಲೋರೈಡ್ ಹೆಚ್ಚಾದ ನೀರು ಕುಡಿದು ಬೆಳೆದ ಹಲ್ಲಿನ ಹೊರಪದರ ಹಾಗೆ ಸುಲಭವಾಗಿ ಕರಗುವುದಿಲ್ಲ. ಕಲೆ ಸ್ವಲ್ಪವಿದ್ದರೆ ಅಷ್ಟೇನೂ ತೊಂದರೆಯಿಲ್ಲ. ಜಾಸ್ತಿಯಿದ್ದರೆ ಆಮ್ಲವನ್ನು ಹೆಚ್ಚು ಹೊತ್ತು ಬಿಡಬೇಕು, ಇಲ್ಲವೇ ಮೇಲ್ಮೈಯನ್ನು ಮೊದಲು ಉಜ್ಜಬೇಕು. ತಮಾಷೆಯೆಂದರೆ, ಕ್ಲಿಪ್ಪಿನ ಸುತ್ತ ಹುಳುಕು ಹಿಡಿಯದಿರಲೆಂದು ಅದೇ ವೈದ್ಯರು ಹಚ್ಚುವ ವಾರ್ನಿಷ್‌ನಲ್ಲಿರುವುದೂ ಫ್ಲೋರೈಡೇ.

ಈ ಕಂದು ಕಲೆಯ ಬೆನ್ನು ಹತ್ತಿದ ಮೊದಲಿಗ ಫ್ರೆಡರಿಕ್ ಮೆಕೇ. 1901ರಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ವೃತ್ತಿ ಶುರುಮಾಡಿದ ಅವರಿಗೆ ಉತ್ತರ ಸಿಕ್ಕಿದ್ದು 1931ರಲ್ಲಿ, ನೀರಿನ ಪರೀಕ್ಷೆಯಿಂದ. ಅದಾಗಿ ಆರು ವರ್ಷಕ್ಕೆ, 1937ರಲ್ಲಿ, ಮದರಾಸು ಪ್ರಾಂತದ ನೆಲ್ಲೂರಿನ ಕಡೆ ಇದೇ ಫ್ಲೋರೈಡ್ ಹಲ್ಲು ಬಿಟ್ಟು ಮೂಳೆಗೂ ಇಳಿದು ಬೆನ್ನು ಬಗ್ಗಿಸಿದ್ದನ್ನು ವೈದ್ಯರು ದಾಖಲಿಸಿದರು.

ಹೈದರಾಬಾದ್ ನಗರದ ಕಥೆಯೇ ಬೇರೆ. 1908ರ ಮೂಸಿ ಪ್ರವಾಹದ ನಂತರ ನಿಜಾಮರು ನಮ್ಮ ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ನಗರಕ್ಕೆ ಮಳೆ ನೀರು ಬಂತು. ಅದೇ ಮೂಸಿ ನಗರದ ಕೊಳೆ ಹೊತ್ತು ಕೆಳಗಿನ ನಲ್ಗೊಂಡಕ್ಕೆ ಹರಿದು ವಾಡಪಲ್ಲಿಯಲ್ಲಿ ಕೃಷ್ಣೆಗೆ ಸೇರುತ್ತದೆ. ನಲ್ಗೊಂಡದ ಹಳ್ಳಿಗಳು ಕುಡಿದದ್ದು ಗ್ರಾನೈಟ್ ಬಂಡೆಯೊಳಗಿನ ಬಾವಿ ನೀರು, ಆಮೇಲೆ ಬೋರ್‌ವೆಲ್ ನೀರು. ಅದೇ ಜಿಲ್ಲೆಯಲ್ಲಿ ನಾಗಾರ್ಜುನ ಸಾಗರ ಎದ್ದಿತು. ಕೃಷ್ಣೆಯ ನೀರು ಹೊಲಕ್ಕೂ ಹರಿಯಿತು, ರಾಜಧಾನಿಗೂ ಏರಿತು. ಪಕ್ಕದ ಎಷ್ಟೋ ಊರುಗಳ ಕೊಡದಲ್ಲಿ ಮಾತ್ರ ಹಳೇ ನೀರೇ. ಇದನ್ನು ಬರೀ ಭೂಗರ್ಭದ ತಪ್ಪೆಂದು ನನಗಂತೂ ಹೇಳಲಾಗದು.

1970ರ ದಶಕದಲ್ಲಿ ನಾಗಪುರದ ನೀರಿ ಸಂಸ್ಥೆ ಒಂದು ಉಪಾಯ ಕೊಟ್ಟಿತು. ನೀರಿಗೆ ಸುಣ್ಣ, ಪಟಿಕ, ಬ್ಲೀಚಿಂಗ್ ಪೌಡರ್ ಹಾಕಿ ಕಲಕಿ, ತಳಕ್ಕೆ ಕೂತ ಮೇಲೆ ಸೋಸುವುದು. ಬಕೆಟ್ಟಿನಲ್ಲೂ ಮಾಡಬಹುದು. ಅದಕ್ಕಿಟ್ಟ ಹೆಸರು 'ನಲ್ಗೊಂಡ ವಿಧಾನ'. ರೋಗಕ್ಕೆ ಹೆಸರಾದ ಊರು ಮದ್ದಿಗೂ ಹೆಸರಾಯಿತು. ಆದರೆ ಪಟಿಕದ ಅಳತೆ ನೀರಿನಿಂದ ನೀರಿಗೆ ಬದಲಾಗುತ್ತದೆ. ದಿನಾ ಬೆಳಿಗ್ಗೆ ಕೂಲಿಗೆ ಹೊರಡುವ ಮನೆಯಲ್ಲಿ ಅದನ್ನು ಅಳೆಯುತ್ತ ಕೂರುವವರು ಯಾರು?

2016ರಲ್ಲಿ ಶುರುವಾದ ಮಿಷನ್ ಭಗೀರಥ ಶುದ್ಧ ಮಾಡಿದ ನದಿ ನೀರನ್ನು ಮನೆ ನಲ್ಲಿಗೇ ತರಹೊರಟಿತು. ಮುಂಬಲ್ಲಿನ ಎನಾಮಲ್ ರೂಪುಗೊಳ್ಳುವುದು ಮಗುವಿನ ಮೊದಲ ನಾಲ್ಕೈದು ವರ್ಷಗಳಲ್ಲಿ. ಆಮೇಲೆ ಯಾವ ನೀರು ಕುಡಿದರೂ ಅದು ಬದಲಾಗುವುದಿಲ್ಲ. ನಮ್ಮಲ್ಲೂ ಎಷ್ಟೋ ಜನ ಫ್ಲಾಟಿನಲ್ಲಿ ಕೃಷ್ಣೆಯ ನೀರು ಕುಡಿಯುತ್ತ, ಊರಿನ ಬೋರ್‌ವೆಲ್ಲನ್ನು ಬಾಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೇವೆ. ಭಗೀರಥದ ನೀರು ಕುಡಿದೇ ಬೆಳೆದ ಮಕ್ಕಳು ಇನ್ನೇನು ಕ್ಲಿಪ್ಪಿನ ವಯಸ್ಸಿಗೆ ಬರುತ್ತಾರೆ. ಅವರ ಬ್ರಾಕೆಟ್ಟು ನಿಲ್ಲುತ್ತದೋ ಉದುರುತ್ತದೋ, ನಲ್ಗೊಂಡದ ಹಲ್ಲಿನ ಡಾಕ್ಟರುಗಳಿಗೆ ಮೊದಲು ಗೊತ್ತಾಗುತ್ತದೆ.