ಹುಚ್ಚಾಸ್ಪತ್ರೆಯಿಂದ ತಾಲ್ಲೂಕು ಆಸ್ಪತ್ರೆಗೆ

ಹಿಂದೆ ನಮ್ಮ ಟೇಕಲ್ ಕಡೆ ಮನಸ್ಸು ಕೆಟ್ಟವರಿಗೆ ಮೊದಲು ತಾಯಿತ, ಆಮೇಲೆ ದೇವರ ಹರಕೆ. ಅದಕ್ಕೂ ಬಗ್ಗದಿದ್ದರೆ ರೈಲು ಹತ್ತಿಸಿ ಬೆಂಗಳೂರಿನ ಹುಚ್ಚಾಸ್ಪತ್ರೆಗೆ. ನಮ್ಮಜ್ಜಿಗೆ ಕಾಯಿಲೆಗಿಂತ ಆ ಪ್ರಯಾಣದ್ದೇ ಹೆಚ್ಚು ಭಯ. ಊರಿಗೆ ಗೊತ್ತಾದರೆ ಮನೆಯ ಹೆಣ್ಣುಮಕ್ಕಳಿಗೆ ಸಂಬಂಧ ಕೂಡುವುದಿಲ್ಲ ಅನ್ನುತ್ತಿದ್ದಳು.

ಮೈಸೂರು ಸರ್ಕಾರದ ಆ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಮರುವರ್ಷವೇ ಅಲ್ಲಿ ಸಮುದಾಯ ಮನೋವೈದ್ಯ ಘಟಕ ಹುಟ್ಟಿತು. ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ನಡೆದ ಪ್ರಯೋಗದ ತಿರುಳು ಸರಳ: ಹಳ್ಳಿಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ, ಕೆಲವೇ ಮೂಲ ಔಷಧಿಗಳಿಂದ ರೋಗಿಯನ್ನು ಮನೆಯಲ್ಲಿಟ್ಟುಕೊಂಡೇ ನೋಡಿಕೊಳ್ಳಬಹುದು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 80ರ ದಶಕದಲ್ಲಿ ಬಳ್ಳಾರಿ ಜಿಲ್ಲೆ ಈ ಮಾದರಿಯನ್ನು ನಡೆಸಿ ತೋರಿಸಿತು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಅಡಿಪಾಯವಾಯಿತು.

ಮುಂದೆ ನಮ್ಮ ರಾಜ್ಯದ ‘ಮನೋಚೈತನ್ಯ’ ಯೋಜನೆ ಮಂಗಳವಾರಗಳಂದು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೇ ತಂದಿತು. ದಿನದ ಕೂಲಿ ಬಿಟ್ಟು ಬೆಂಗಳೂರಿಗೆ ಹೋಗಲಾರದ ನಮ್ಮ ಕಡೆಯ ಕಲ್ಲುಕ್ವಾರಿ ಕೆಲಸದವರಿಗೆ ಇದು ಸಣ್ಣ ಸಂಗತಿಯಲ್ಲ. ಮಾತ್ರೆ ಅಗ್ಗವಾದರೆ ಸಾಲದು, ದಾರಿಯೂ ಅಗ್ಗವಾಗಬೇಕು.

2022ರ ಅಕ್ಟೋಬರ್ 10ರಿಂದ ‘ಟೆಲಿ ಮಾನಸ್’ ಸಹಾಯವಾಣಿ ಕೂಡ ಇದೆ. ದೊಡ್ಡವರಿಗಾಗಲಿ ಮಕ್ಕಳಿಗಾಗಲಿ ಮನಸ್ಸು ಭಾರವೆನಿಸಿದರೆ 14416ಕ್ಕೆ ಫೋನ್ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.