ಸುಡದ ಇಟ್ಟಿಗೆಯ ಚರಿತ್ರೆ

ಬಯಲುಸೀಮೆಯ ಹಳೆಯ ಊರುಗಳಲ್ಲಿ ಮನೆ ಕಟ್ಟುವುದೆಂದರೆ ಊರಂಚಿನ ಮಣ್ಣನ್ನು ಅಗೆದು ತಂದು, ನೀರು ಹಾಯಿಸಿ ಕೆಲವು ದಿನ ನೆನೆಯಬಿಟ್ಟು, ಹುಲ್ಲು ಹೊಟ್ಟುಗಳನ್ನು ಬೆರೆಸಿ ತುಳಿದು ಹದಗೊಳಿಸಿ, ಒಂದೊಂದು ವರಸೆಯನ್ನೂ ಒಣಗಲು ಬಿಟ್ಟು ಅದರ ಮೇಲೆ ಮತ್ತೊಂದನ್ನು ಏರಿಸುತ್ತ ಹೋಗುವುದೇ ಆಗಿತ್ತು. ಮಾಳಿಗೆಗೆ ತೊಲೆ ಜಂತಿಗಳನ್ನು ಹೊಂದಿಸಿ, ಸೊಪ್ಪುಕಡ್ಡಿಗಳನ್ನು ಹಾಸಿ, ಮಣ್ಣನ್ನು ಬಡಿದು ಕೂರಿಸಿ, ಎಲ್ಲಕ್ಕೂ ಮೇಲೆ ಚೌಳುಮಣ್ಣನ್ನು ಹರಡುತ್ತಿದ್ದರು. ಪೈರು ಏಳಲೊಲ್ಲದ ಆ ಚೌಳಿನ ಕಣಗಳು ನೀರು ಸೋಕಿದೊಡನೆ ಬಿಡಿಬಿಡಿಯಾಗಿ ಚದುರಿ ಸೂಕ್ಷ್ಮರಂಧ್ರಗಳನ್ನೆಲ್ಲ ತುಂಬಿಕೊಳ್ಳುವುದರಿಂದ, ಹೊಲಕ್ಕೆ ಶಾಪವಾದ ಮಣ್ಣೇ ಮಾಳಿಗೆಗೆ ರಕ್ಷೆಯಾಗುತ್ತಿತ್ತು. ಈ ಗುಣದ ರಸಾಯನವನ್ನು ಪಂಡಿತರು ವಿವರಿಸುವುದಕ್ಕೆ ಬಹುಕಾಲ ಮೊದಲೇ ನಮ್ಮ ಒಕ್ಕಲುಮಕ್ಕಳು ಅದನ್ನು ಅನುಭವದಿಂದ ಅರಿತಿದ್ದರೆಂಬುದನ್ನು ನೆನೆದಾಗ ಅವರ ಬಗೆಗೆ ಗೌರವ ಮೂಡದಿರದು.

ಒಂದೂವರೆ ಎರಡು ಅಡಿ ದಪ್ಪದ ಇಂಥ ಗೋಡೆಯು ಹಗಲಿನ ತಾಪವನ್ನು ತನ್ನೊಳಗೆ ಹೀರಿಕೊಂಡು, ಅದು ಒಳಮೈಯನ್ನು ಮುಟ್ಟುವ ವೇಳೆಗೆ ಹೊರಗೆ ಇರುಳಿನ ತಂಪು ಇಳಿದಿರುವಂತೆ ಮಾಡುತ್ತಿತ್ತು. ಬೆಳಕಿಂಡಿಯು ಬೆಳಕನ್ನು ಒಳಗೆ ಬಿಟ್ಟು ಹೊಗೆಯನ್ನು ಹೊರಗೆ ಕಳುಹುತ್ತಿತ್ತು. ಗೋಡೆ ಕಟ್ಟಲು ಒಂದು ಸೌದೆಯನ್ನೂ ಉರಿಸಬೇಕಾಗಿರಲಿಲ್ಲ. ಆದರೆ ಇದನ್ನು ಹೇಳಿದ ಮೇಲೆ ಅದರ ದೋಷಗಳನ್ನು ಮರೆಮಾಚುವುದು ಅನ್ಯಾಯವಾದೀತು. ಜಡಿಮಳೆಗೆ ಗೋಡೆಯ ಬುಡ ಕರಗುತ್ತಿತ್ತು. ಇಲಿ ಹೆಗ್ಗಣಗಳು ಬಿಲ ತೋಡುತ್ತಿದ್ದವು. ಗೆದ್ದಲು ಜಂತಿಯವರೆಗೆ ಏರುತ್ತಿತ್ತು. ವರ್ಷವರ್ಷವೂ ಗೋಡೆ ಮೆತ್ತುವ, ಸಗಣಿ ಸಾರಿಸುವ ಶ್ರಮವೆಲ್ಲ ಬಹುಪಾಲು ಹೆಂಗಸರ ಪಾಲಿಗೆ ಬೀಳುತ್ತಿತ್ತು. ಕೈಯಲ್ಲಿ ನಾಲ್ಕು ಕಾಸು ಕೂಡಿದವನು ಸುಟ್ಟ ಇಟ್ಟಿಗೆಯ ಕಡೆಗೆ ಆಸೆಯಿಂದ ನೋಡಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಹಾಗೆ ಇಟ್ಟಿಗೆ ಬಂದಿತು; ಅದರ ಹಿಂದೆಯೇ ಇಟ್ಟಿಗೆಗೂಡೂ ಬಂದಿತು. ಬೆಂಗಳೂರು ಬೆಳೆದಂತೆಲ್ಲ ಸುತ್ತಣ ಹೊಲಗಳ ಮೇಲ್ಮಣ್ಣೂ ಕೆರೆಗಳ ಗೋಡೂ ಅಚ್ಚಿಗೆ ಬಿದ್ದು, ಮರಗಳು ಗೂಡಿಗೆ ಬಿದ್ದು, ಊರಾಚೆಯ ಗೂಡುಗಳಲ್ಲಿ ದಿನಗಟ್ಟಲೆ ಉರಿ ಆರದಂತಾಯಿತು. ಒಂದು ಇಟ್ಟಿಗೆಯನ್ನು ಬೇಯಿಸಲು ಸುಮಾರು ನಾಲ್ಕು ಮೆಗಾಜೂಲ್‌ಗಳಷ್ಟು ಶಾಖ ಬೇಕು. ಗೃಹಪ್ರವೇಶದ ಹಾಲು ಉಕ್ಕುವುದಕ್ಕೆ ಮುನ್ನವೇ ಮನೆಯ ಹೆಸರಿನಲ್ಲಿ ಉರಿದುಹೋದ ಈ ಬೆಂಕಿಯನ್ನು ಲೆಕ್ಕಕ್ಕೆ ಹಿಡಿಯುವವರು ಬಹುಕಾಲ ಯಾರೂ ಇರಲಿಲ್ಲ.

ಆ ಲೆಕ್ಕವನ್ನು ಕೈಗೆತ್ತಿಕೊಂಡವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವರು. ವಿದ್ಯುದ್ರಸಾಯನದಲ್ಲಿ ಖ್ಯಾತರಾಗಿದ್ದ ಪ್ರಾಧ್ಯಾಪಕ ಅಮೂಲ್ಯ ರೆಡ್ಡಿಯವರು, ವಿಜ್ಞಾನವು ತನ್ನ ಸುತ್ತಣ ಹಳ್ಳಿಗಳ ಬಾಳಿಗೆ ಏನನ್ನು ಕೊಟ್ಟಿತೆಂಬ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಂಡು, 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರವನ್ನು ಹುಟ್ಟುಹಾಕಿದರು. ಕುಣಿಗಲ್ ತಾಲ್ಲೂಕಿನ ಉಂಗ್ರ ಅವರ ಕಾರ್ಯಕ್ಷೇತ್ರವಾಯಿತು. ಸೌದೆ ಉಳಿಸುವ ಅಸ್ತ್ರ ಒಲೆಯ ಹೆಸರು ಕನ್ನಡನಾಡಿನ ಅಡುಗೆಮನೆಗಳಿಗೆ ಪರಿಚಿತವಾದುದು ಇಲ್ಲಿಂದಲೇ. ಆದರೆ ಅದೇ ಕೇಂದ್ರದಲ್ಲಿ ಕೆ. ಎಸ್. ಜಗದೀಶ್, ಬಿ. ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಮಣ್ಣಿನ ಗೋಡೆಯ ಮೇಲೆ ನಡೆಸಿದ ದೀರ್ಘ ಸಾಧನೆ ಅಷ್ಟು ಜನಜನಿತವಾಗಲಿಲ್ಲವೆಂಬುದು ನನಗೆ ಖೇದದ ಸಂಗತಿ.

ಮಣ್ಣನ್ನು ಯಂತ್ರದಲ್ಲಿ ಒತ್ತುವ ಯೋಚನೆ ಅವರಿಂದ ಹೊರಟಿತೆನ್ನಲಾಗದು. 1950ರ ದಶಕದಲ್ಲಿಯೇ ದೂರದ ಕೊಲಂಬಿಯಾದಲ್ಲಿ ಸಿನ್ವಾ-ರಾಮ್ ಎಂಬ ಕೈಯಂತ್ರ ಸಿದ್ಧವಾಗಿತ್ತು. ಇಲ್ಲಿಯವರ ಹಿರಿಮೆ ಇರುವುದು ಈ ನೆಲದ ಮಣ್ಣನ್ನು ಪರೀಕ್ಷಿಸಿ, ಈ ನೆಲದ ಕೆಲಸಗಾರನ ಕೈಗೆ ಒಗ್ಗುವ ಯಂತ್ರವನ್ನೂ ವಿಧಾನವನ್ನೂ ರೂಪಿಸಿದುದರಲ್ಲಿ. ನಮ್ಮ ಕೆಮ್ಮಣ್ಣಿನ ಜೇಡಿ ಹೆಚ್ಚು ಉಬ್ಬದು, ಕುಗ್ಗದು. ಅದಕ್ಕೆ ಸಾಕಷ್ಟು ಮರಳು ಕೂಡಿಸಿ, ನೂರಕ್ಕೆ ಏಳರಷ್ಟು ಸಿಮೆಂಟು ಬೆರೆಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟೇ ತೇವ ಮಾಡಿ ಅಚ್ಚಿನಲ್ಲಿ ಒತ್ತಿದರೆ ಸಾಕು. ಎರೆಮಣ್ಣಿನ ಸ್ವಭಾವ ಬೇರೆ. ಅದು ಸುಣ್ಣವನ್ನು ಬೇಡುತ್ತದೆ. ಅಚ್ಚಿಗೆ ಸುರಿಯುವ ಮಣ್ಣನ್ನು ಪ್ರತಿ ಬಾರಿಯೂ ತೂಗಲೇಬೇಕು, ಏಕೆಂದರೆ ಇಟ್ಟಿಗೆಯ ಬಲವೆಲ್ಲ ಅದರ ಸಾಂದ್ರತೆಯಲ್ಲಿದೆ. ಒತ್ತಿ ತೆಗೆದ ಇಟ್ಟಿಗೆಗಳನ್ನು ಹುಲ್ಲು ಗೋಣಿಗಳಿಂದ ಮುಚ್ಚಿ ಮೂರು ನಾಲ್ಕು ವಾರ ನೀರುಣಿಸಬೇಕು. ಹಲವೆಡೆ ತಳಪಾಯಕ್ಕೆ ಅಗೆದ ಮಣ್ಣೇ ಗೋಡೆಯಾಗಿ ಏಳುತ್ತದೆ; ಲಾರಿಯ ಹಂಗಿಲ್ಲ, ಗೂಡಿನ ಹಂಗಿಲ್ಲ.

2003ರಲ್ಲಿ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಅವರು ಪ್ರಕಟಿಸಿದ ಗಣನೆಯಂತೆ, ಇಂಥ ಇಟ್ಟಿಗೆಗೆ ತಗಲುವ ಶಕ್ತಿಯು ಸುಟ್ಟ ಇಟ್ಟಿಗೆಯದರ ನಾಲ್ಕನೆಯ ಒಂದು ಪಾಲು ಮಾತ್ರ. ಗೋಡೆಯೇ ಭಾರ ಹೊರುವ ಮನೆಗಳಲ್ಲಿ ಇಂಥ ಪರ್ಯಾಯ ಸಾಮಗ್ರಿಗಳನ್ನೇ ಬಳಸಿದರೆ ಇಡೀ ಕಟ್ಟಡದ ನಿರ್ಮಾಣಶಕ್ತಿಯಲ್ಲಿ ಅರ್ಧದಷ್ಟನ್ನು ಉಳಿಸಬಹುದು. ಇಲ್ಲಿ ಒಂದು ವಿವೇಚನೆ ಅಗತ್ಯ. ಈ ಉಳಿತಾಯ ಮನೆಯನ್ನು ಕಟ್ಟುವಾಗಿನದು. ಅದರಲ್ಲಿ ಬಾಳುವಾಗಿನ ತಂಪು ಇನ್ನೊಂದು ಪ್ರಶ್ನೆ. ಹೊಸ ಗೋಡೆ ಅಜ್ಜನ ಕಾಲದ ಗೋಡೆಯ ಅರ್ಧದಷ್ಟೂ ದಪ್ಪವಿಲ್ಲ. ಆದ್ದರಿಂದ ಚಾಚಿದ ಸೂರು, ನೆರಳಿನ ಜಗುಲಿ, ಎದುರುಬದುರು ಕಿಟಕಿಗಳನ್ನು ಕೈಬಿಟ್ಟು ಮಣ್ಣಿನ ಇಟ್ಟಿಗೆಯೊಂದನ್ನೇ ನೆಚ್ಚಿದವನ ಮನೆ ವೈಶಾಖದಲ್ಲಿ ಕಾದೇ ತೀರುತ್ತದೆ. ಹಳೆಯ ಮನೆಯನ್ನು ನವೀಕರಿಸಹೊರಟವರು ದಪ್ಪ ಗೋಡೆಗಳನ್ನು ಕೆಡವುವ ಮೊದಲು ಇದನ್ನು ಎರಡು ಸಲ ಆಲೋಚಿಸಬೇಕೆಂದು ನಾನು ಕಳಕಳಿಯಿಂದ ಬೇಡುತ್ತೇನೆ.

ಬೆಂಗಳೂರಿನ ಬಡಾವಣೆಗಳಲ್ಲಿ, ಗಿಲಾವು ಕಾಣದ ಕೆಂಪು ಮೈಯ ಮನೆಗಳು ಇಂದು ಅಲ್ಲಲ್ಲಿ ಕಣ್ಣಿಗೆ ಬೀಳುತ್ತವೆ. ಎರಡು ಮೂರು ಅಂತಸ್ತಿನವರೆಗೆ ಆ ಗೋಡೆ ತಾನೇ ಭಾರ ಹೊರಬಲ್ಲದು. ಆದರೆ ನಿವೇಶನದ ಬೆಲೆ ಏರಿ, ಅದೇ ಮೂವತ್ತು ನಲವತ್ತು ಅಡಿಯ ಜಾಗದಲ್ಲಿ ಬಾಡಿಗೆಗಾಗಿ ನಾಲ್ಕೈದು ಅಂತಸ್ತು ಎತ್ತುವ ರೂಢಿ ಬಲಿತಂತೆ ಕಾಂಕ್ರೀಟಿನ ಕಂಬಗಳೇ ಭಾರವನ್ನೆಲ್ಲ ಹೊತ್ತುಕೊಳ್ಳುತ್ತಿವೆ. ಗೋಡೆ ಬರಿಯ ಮರೆಯಾಗಿ ಉಳಿಯುತ್ತಿದೆ. ಅಸ್ತ್ರದ ಇಟ್ಟಿಗೆಗೆ ಅತಿದೊಡ್ಡ ತೊಡಕಾಗಿ ನಿಂತಿರುವುದು, ನನ್ನ ಎಣಿಕೆಯಲ್ಲಿ, ಈ ನೆಲದ ಬೆಲೆಯೇ.